ಬೀಗ ನಿಲ್ಲದ ಊರಿನಲ್ಲಿ ಒಂದು ಪಾಸ್‌ವರ್ಡ್

ನಮ್ಮೂರಿನಲ್ಲಿ ಬೀಗ ನಿಲ್ಲುವುದಿಲ್ಲ. ಸಂಜೆ ಹಾಕಿದ್ದು ಬೆಳಗಾಗುವಷ್ಟರಲ್ಲಿ ಬಾಯಿ ಬಿಟ್ಟುಕೊಂಡು ನೇತಾಡುತ್ತಿರುತ್ತದೆ. ಹಿತ್ತಾಳೆಯದಾಗಲಿ, ಉಕ್ಕಿನದಾಗಲಿ, ನಂಬರು ತಿರುಗಿಸುವಂಥದ್ದಾಗಲಿ, ಎಲ್ಲಕ್ಕೂ ಅದೇ ಗತಿ. ಚಿಲಕವೂ ಅಷ್ಟೇ, ಹಾಕಿ ಬೆನ್ನು ತಿರುಗಿಸಿದರೆ ಮೆಲ್ಲಗೆ ಜಾರಿಕೊಳ್ಳುತ್ತದೆ. ಹೊರಗಿನಿಂದ ಬಂದು ಬ್ಯಾಂಕು ತೆರೆದವರು ಮೊದಮೊದಲು ತಿಜೋರಿ ಮಾಡಿದ ಕಂಪನಿಯ ಜೊತೆ ಜಗಳವಾಡಿದರು. ಆಮೇಲೆ ಸುಸ್ತಾಗಿ ತಿಜೋರಿಯ ಮುಂದೆ ಒಂದು ಕುರ್ಚಿ ಹಾಕಿ, ಟೀ ಅಂಗಡಿಯ ದಸ್ತಗೀರ್ ಸಾಬರ ತಮ್ಮನನ್ನು ಅದರಲ್ಲಿ ಕೂರಿಸಿದರು. ಅವರು ಈಗ ಅದೇ ಕುರ್ಚಿಯಲ್ಲಿ ನಿವೃತ್ತಿಯ ವಯಸ್ಸಿಗೆ ಬಂದಿದ್ದಾರೆ.

ಇದಕ್ಕಾಗಿ ನಾವು ಯಾರೂ ಕೊರಗಿದವರಲ್ಲ. ಯಾರ ಮನೆಗೆ ಹೋದರೂ ಹೊಸ್ತಿಲಲ್ಲಿ ನಿಂತು "ಬರಲಾ?" ಅನ್ನುತ್ತೇವೆ, ಒಳಗಿನವರು "ಬನ್ನಿ" ಅಂದ ಮೇಲೆಯೇ ಕಾಲಿಡುತ್ತೇವೆ. ಒಳಗಿನವರು ಸುಮ್ಮನಿದ್ದರೆ ಎಂಥ ಅವಸರವಿದ್ದರೂ ಹೊರಗೇ ನಿಲ್ಲಬೇಕು. ಬಂಗಾರವನ್ನು ಯಾರೂ ತಮ್ಮ ಮನೆಯಲ್ಲಿಟ್ಟುಕೊಳ್ಳುವುದಿಲ್ಲ. ನಮ್ಮದು ಎದುರುಮನೆಯ ಪುಟ್ಟತಾಯಕ್ಕನ ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿದೆ, ಅವರದ್ದು ನಮ್ಮ ಅಕ್ಕಿ ಡ್ರಮ್ಮಿನಲ್ಲಿದೆ. ನಮ್ಮದಾದರೆ ನಾವು ಮೈಮರೆಯಬಹುದು, ಇನ್ನೊಬ್ಬರದ್ದಾದರೆ ಮರೆಯಲಾದೀತೇ? ಇನ್ನು ಬಚ್ಚಲುಮನೆ. ಚಿಲಕ ನಿಲ್ಲದ ಕಡೆ ಸ್ನಾನ ಮಾಡುವುದು ಹೇಗೆ ಅಂತ ಹೊರಗಿನವರು ಕೇಳುತ್ತಾರೆ. ಹಾಡಬೇಕು ಅಷ್ಟೆ. ಒಳಗಿಂದ ದನಿ ಬರುತ್ತಿರುವವರೆಗೆ ಬಾಗಿಲ ಹತ್ತಿರ ಯಾರೂ ಸುಳಿಯುವುದಿಲ್ಲ. ಹಾಗಾಗಿ ನಮ್ಮೂರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬಚ್ಚಲು ಹಾಡಿದೆ. ಬೆಳಗಿನ ಹೊತ್ತು ಬೀದಿಯಲ್ಲಿ ನಡೆದುಹೋದರೆ ಯಾರು ಎದ್ದಿದ್ದಾರೆ, ಯಾರಿಗೆ ನೆಗಡಿಯಾಗಿದೆ, ಯಾರು ಹೆಂಡತಿಯ ಮೇಲೆ ಮುನಿಸಿಕೊಂಡಿದ್ದಾರೆ ಎಲ್ಲ ತಿಳಿಯುತ್ತದೆ. ದಸ್ತಗೀರ್ ಸಾಬರಿಗೆ ರಾಗ ಹತ್ತದು, ಅವರು ಟೀ ಬಾಕಿ ಇಟ್ಟವರ ಹೆಸರು ಕೂಗುತ್ತಾರೆ. ಪುಟ್ಟತಾಯಕ್ಕ ಮಾತ್ರ ಒಂದು ಹಾಡಿಗೆ ಕಟ್ಟುಬಿದ್ದವರಲ್ಲ. ಆವತ್ತು ತಲೆಯಲ್ಲಿ ಏನಿದೆಯೋ ಅದನ್ನೇ ಸೋಬಾನೆ ಧಾಟಿಗೆ ಕೂರಿಸಿ ಹಾಡಿಬಿಡುತ್ತಾರೆ. ಅವರ ಸೊಸೆ ಬಸುರಿ ಅಂತ ಬೀದಿಗೆಲ್ಲ ಗೊತ್ತಾದದ್ದು ಹಾಗೆ. ಪಾಪ, ಅವರ ಮಗನಿಗೂ ಹಾಗೇ.

ನಾನು ಸರ್ವಮಂಗಳ, ಸೀರೆಗೆ ಕುಚ್ಚು ಕಟ್ಟುತ್ತೇನೆ. ನಮ್ಮ ಯಜಮಾನರು ನಂಜುಂಡಸ್ವಾಮಿ, ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸು ಕೂಗುತ್ತಿದ್ದವರು. ಕೆಲಸ ಬಿಟ್ಟ ಮೇಲೂ ಬಚ್ಚಲಲ್ಲಿ ಅದನ್ನೇ ಕೂಗುತ್ತಿದ್ದರು. "ಹೊಸಕಟ್ಟೆ, ಮಾವಿನಗುಂಡಿ ಮಾರ್ಗವಾಗಿ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ" ಅಂತ ಒಳಗಿಂದ ಬಂದರೆ, ನೀರು ತಲೆಗೆ ಬಿತ್ತು ಅಂತ ಲೆಕ್ಕ. ನಮ್ಮ ಬೀದಿಯ ಮಕ್ಕಳು ಅದನ್ನು ಕೇಳಿಕೊಂಡೇ ಶಾಲೆಗೆ ಹೊರಡುತ್ತಿದ್ದರು. ಕಳೆದ ವರ್ಷ ಅವರ ಎದೆ ಕೈಕೊಟ್ಟಿತು. ದೊಡ್ಡಪೇಟೆಯ ಆಸ್ಪತ್ರೆಯಲ್ಲಿ ಭುಜದ ಕೆಳಗೆ ಚರ್ಮದೊಳಗೆ ಒಂದು ಪುಟ್ಟ ಯಂತ್ರ ಇಟ್ಟು ಕಳಿಸಿದರು. ಮಂಚದ ಪಕ್ಕ ಇಟ್ಟುಕೊಳ್ಳಿ ಅಂತ ಒಂದು ಬಿಳಿ ಡಬ್ಬಿಯನ್ನೂ ಕೊಟ್ಟರು. ಎದೆಯ ಲೆಕ್ಕವನ್ನೆಲ್ಲ ಆ ಡಬ್ಬಿ ದಿನಾ ದೀಪ ಹಚ್ಚುವ ಹೊತ್ತಿಗೆ ಆಸ್ಪತ್ರೆಗೆ ಕಳಿಸಬೇಕು. ಹೋದರೆ ಹಸಿರು ದೀಪ, ಹೋಗದಿದ್ದರೆ ಹಳದಿ. ಉಸಿರು ಸಾಲದೆ ಯಜಮಾನರ ಬಸ್ಸುಗಳು ನಿಂತುಹೋದವು. ಬಚ್ಚಲಿಗೆ ಹೋದರೆ ಚೊಂಬಿನ ಮೇಲೆ ಬೆರಳಲ್ಲಿ ಟಣ್ ಟಣ್ ಅನ್ನಿಸುತ್ತಿದ್ದರು. ಅದನ್ನು ಕೇಳಿದರೆ ನನಗೆ ಕುಚ್ಚಿನ ದಾರ ಕಣ್ಣಿಗೆ ಕಾಣುತ್ತಿರಲಿಲ್ಲ.

ಆ ಡಬ್ಬಿಗೆ ವೈಫೈ ಬೇಕು ಅಂತ ಕೇಬಲ್ ರೇವಣ್ಣನನ್ನು ಕರೆಸಿದೆವು. ಆಸ್ಪತ್ರೆಯವರು ಒಳ್ಳೆಯ ಲೈನೇ ಹಾಕಿಸಿ ಅಂದಿದ್ದರು, ಹಾಕಿಸಿದೆವು. ರೌಟರನ್ನು ಗೋಡೆಗೆ ಹೊಡೆದು ರೇವಣ್ಣ ಕೇಳಿದ, "ಪಾಸ್‌ವರ್ಡ್ ಏನಿಡ್ಲಿ ಮಂಗಳಮ್ಮ?"

"ಹಂಗಂದ್ರೇನಪ್ಪ?"

"ಒಳಗೆ ಬರೋಕೆ ಹೇಳ್ಬೇಕಾದ ಮಾತು."

"ಒಳಗೆ ಬರೋರಿಗೆ ಬನ್ನಿ ಅಂತೀವಿ, ಇನ್ನೇನಂತೀವಿ?"

"ಎಲ್ಲರ ಮನೇಲೂ ಅದನ್ನೇ ಹೇಳ್ತಾರೆ" ಅಂದುಕೊಂಡೇ ಅವನು ಒತ್ತಿದ. ಒಂದು ಬನ್ನಿ ಸಾಲದು, ಅಕ್ಷರ ಕಮ್ಮಿ ಅಂತ ರೌಟರು ತಕರಾರು ಮಾಡಿದ್ದಕ್ಕೆ 'ಬನ್ನಿಬನ್ನಿ' ಅಂತ ಇಟ್ಟ. ಊರಿಗೆ ಊರೇ ಬನ್ನಿಬನ್ನಿ. ಯಾರ ಫೋನು ಯಾರ ಮನೆಯ ಮುಂದೆ ಹಾದರೂ ಆ ಮನೆಯ ವೈಫೈಗೆ ತಾನಾಗಿ ಸೇರಿಕೊಳ್ಳುತ್ತದೆ. ಅದರಲ್ಲಿ ನಮಗೇನೂ ತಪ್ಪು ಕಾಣಲಿಲ್ಲ.

ನಮ್ಮ ಲೈನು ಜೋರಾಗಿದೆ ಅಂತ ಗೊತ್ತಾದ ಮೇಲೆ ಸಂಜೆ ಹೊತ್ತು ಬೀದಿಯವರೆಲ್ಲ ನಮ್ಮ ಜಗಲಿಗೆ ಬರತೊಡಗಿದರು. ಧಾರಾವಾಹಿ ನೋಡುವವರು, ಮ್ಯಾಚ್ ನೋಡುವವರು, ದುಬೈಯಲ್ಲಿರುವ ಅಣ್ಣನ ಮುಖ ನೋಡುವವರು. ಯಜಮಾನರು ಗೋಡೆಗೆ ದಿಂಬು ಕೊಟ್ಟುಕೊಂಡು ನಡುವೆ ಕೂರುತ್ತಿದ್ದರು, ಅವರಿಗೆ ಬಸ್ ನಿಲ್ದಾಣ ಮತ್ತೆ ಸಿಕ್ಕ ಹಾಗಾಗಿತ್ತು. ಆದರೆ ಒಳಗೆ ಡಬ್ಬಿ ಆಗಾಗ ಹಳದಿಯಾಗುತ್ತಿತ್ತು. ಆಸ್ಪತ್ರೆಯಿಂದ ಲೀನಾ ಸಿಸ್ಟರ್ ಫೋನ್ ಮಾಡುತ್ತಿದ್ದರು, "ಅಮ್ಮಾ, ನಿನ್ನೆಯ ರೀಡಿಂಗ್ ಅರ್ಧ ಬಂದು ನಿಂತಿದೆ." ನಾನು ಹೊರಗೆ ಹೋಗಿ, "ಸ್ವಲ್ಪ ಹೊತ್ತು ಎಲ್ಲರೂ ಫೋನ್ ಮಡಗಿ" ಅಂತ ಕೇಳಿಕೊಳ್ಳುತ್ತಿದ್ದೆ. ಎಲ್ಲರೂ ಮಡಗುತ್ತಿದ್ದರು. ಆದರೆ ಬೀದಿಯ ಆ ತುದಿಯಲ್ಲಿ ಕೂತು ನಮ್ಮದನ್ನೇ ಎಳೆಯುತ್ತಿದ್ದವರಿಗೆ ನನ್ನ ಕೂಗು ಎಲ್ಲಿ ಕೇಳಬೇಕು?

ಹೀಗಿರುವಾಗ ಪುಟ್ಟತಾಯಕ್ಕನ ಅಳಿಯ ರಜೆಗೆ ಬಂದರು. ಒಳ್ಳೆಯ ಮನುಷ್ಯ, ಕೈ ಮಾತ್ರ ಸುಮ್ಮನಿರದು. ಮ್ಯಾಚ್ ನಿಂತು ನಿಂತು ಬರುತ್ತಿದೆ ಅಂತ ನಮ್ಮ ರೌಟರನ್ನು ಮಗುಚಿ ನೋಡಿದರು. ಅದರ ಬೆನ್ನ ಮೇಲೆ, ರೌಟರಿನ ಹೊಟ್ಟೆಯೊಳಗೆ ಹೋಗಿ ಎಲ್ಲವನ್ನೂ ತಿದ್ದುವುದಕ್ಕೆ ಬೇಕಾದ ಇನ್ನೊಂದು ಪಾಸ್‌ವರ್ಡನ್ನು ಕಾರ್ಖಾನೆಯವರೇ ಚೀಟಿ ಅಂಟಿಸಿ ಕಳಿಸಿರುತ್ತಾರೆ. ನಾವು ಅದನ್ನು ಬೆಲೆಚೀಟಿ ಅಂದುಕೊಂಡಿದ್ದೆವು. ಅಳಿಯಂದಿರು ಅದರಿಂದ ಒಳಹೊಕ್ಕು ಏನೇನೋ ತಿರುಗಿಸಿದರು. ಮ್ಯಾಚ್ ಹಾಲು ಹರಿದ ಹಾಗೆ ಬಂತು. ಗುರುತಿಗಿರಲಿ ಅಂತ ನಮ್ಮ ವೈಫೈಗೆ 'ಅಳಿಯ' ಅಂತ ಹೆಸರನ್ನೂ ಇಟ್ಟು ಊರಿಗೆ ಹೋದರು. ನಮ್ಮ ಬಿಳಿ ಡಬ್ಬಿಗೆ ಅಳಿಯ ಯಾರು ಅಂತ ಗೊತ್ತಿಲ್ಲ. ಅದು ಹಳೆಯ ಹೆಸರನ್ನು ಹುಡುಕಿ ಹುಡುಕಿ ಹಳದಿಯಾಗಿಯೇ ಉಳಿಯಿತು. ಡಬ್ಬಿಯ ಮೇಲೆ ನಾನೇ ಒಂದು ಟವೆಲು ಹೊದಿಸಿದ್ದೆ, ನನ್ನ ಕಣ್ಣಿಗೂ ಅದು ಬೀಳಲಿಲ್ಲ. ಆಸ್ಪತ್ರೆಯಲ್ಲಿ ಲೀನಾ ಸಿಸ್ಟರಿಗೂ ಅದೇ ವಾರ ರಜೆ.

ಆ ವಾರವೇ ಒಂದು ಬೆಳಿಗ್ಗೆ ಯಜಮಾನರು ಪಂಚೆ ಮಡಚುತ್ತಾ ಮಡಚುತ್ತಾ ಹಾಗೇ ಗೋಡೆಗೆ ಒರಗಿದರು. ತುಟಿ ನೀಲಿಯಾಗಿತ್ತು. ದಸ್ತಗೀರ್ ಸಾಬರ ಅಂಗಡಿಯ ಮುಂದೆ ನಿಂತಿದ್ದ ಆಟೋದಲ್ಲಿ ದೊಡ್ಡಪೇಟೆಗೆ ಓಡಿದೆವು. ಉಳಿದರು. ಎದೆಯ ಲೆಕ್ಕ ತಪ್ಪುತ್ತಿರುವುದು ಮೊದಲೇ ತಿಳಿದಿದ್ದರೆ ಒಂದು ಮಾತ್ರೆ ಬದಲಾಯಿಸಿಯೇ ಸರಿಮಾಡಬಹುದಿತ್ತು ಅಂದರು ಡಾಕ್ಟರು. ಮನೆಗೆ ಬಂದ ಮಾರನೆಯ ದಿನ ಲೀನಾ ಸಿಸ್ಟರ್ ಫೋನ್ ಮಾಡಿದರು. "ಅಮ್ಮಾ, ಡಾಕ್ಟ್ರು ಖಡಾಖಂಡಿತ ಹೇಳಿದ್ದಾರೆ. ಇನ್ನೊಂದ್ಸಲ ರೀಡಿಂಗ್ ತಪ್ಪಿದ್ರೆ ನೀವಿಬ್ಬರೂ ಇಲ್ಲಿಗೇ ಬಂದು, ಆಸ್ಪತ್ರೆ ಪಕ್ಕ ರೂಮು ಮಾಡ್ಕೊಂಡು ಇದ್ದುಬಿಡ್ಬೇಕು. ಆ ಊರಲ್ಲಿ ಬಿಟ್ಟು ನೋಡ್ಕೊಳ್ಳೋಕಾಗಲ್ಲ ಅಂದ್ರು."

ನಮ್ಮೂರಲ್ಲಿ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ಯಜಮಾನರು ಎಲ್ಲ ಕೇಳಿಸಿಕೊಂಡು ಸೂರು ನೋಡುತ್ತಾ ಮಲಗಿದರು. ಆಮೇಲೆ ಹೇಳಿದರು, "ಅಲ್ಲಿ ಬಚ್ಚಲಿಗೆ ಚಿಲಕ ನಿಲ್ಲುತ್ತಂತೆ ಮಂಗಳಾ. ಒಳಗೆ ಯಾರಿದ್ದಾರೆ ಅಂತ ಹೊರಗಿನೋರಿಗೆ ಗೊತ್ತೇ ಆಗಲ್ವಂತೆ."

ಆ ಒಂದು ಮಾತಿಗೆ ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಇವರು ಈ ಊರಲ್ಲೇ ಇರಬೇಕು. ಇರಬೇಕಾದರೆ ಡಬ್ಬಿ ಹಸಿರಾಗಬೇಕು. ಡಬ್ಬಿ ಹಸಿರಾಗಬೇಕಾದರೆ ನಮ್ಮ ವೈಫೈಗೆ ಬೀಗ ಬೀಳಬೇಕು, ಬಿದ್ದ ಬೀಗ ನಿಲ್ಲಬೇಕು.

ಸಂಜೆ ಜಗಲಿಯಲ್ಲಿ, ವೈಫೈಗೆ ಬೀಗ ಹಾಕುತ್ತೇನೆ ಅಂತಷ್ಟೇ ಹೇಳಿದೆ. ಯಾರೂ ಬೈಯಲಿಲ್ಲ, ನಕ್ಕರು. "ಈ ಊರಲ್ಲಿ ಬೀಗಾನೇ?" ಅಂದರು ಪುಟ್ಟತಾಯಕ್ಕ. "ಹಾಕು ಕಣೇ, ಹಾಕಿ ನೋಡು. ನಮ್ಮ ಮಾವನ ಕಾಲದಲ್ಲಿ ಪಟೇಲರು ಒಂದ್ಸಲ ತರಿಸಿದ್ರು, ಮಣಭಾರದ್ದು. ಬೆಳಿಗ್ಗೆ ಹೊತ್ತಿಗೆ ಅದು ಬಾಗಿಲು ಬಿಟ್ಟು ನೆಲದ ಮೇಲೆ ಮಲಗಿತ್ತು." ಯಜಮಾನರೂ ನನ್ನ ಕೈ ಹಿಡಿದು, "ಬೀಗ ಹಾಕಿದ ಮನೆ ಅಂತಾರೆ ಮಂಗಳಾ, ಬೇಕಾ?" ಅಂದರು. ಬೇಕು ಅಂದೆ.

ರೇವಣ್ಣ ಹೇಳಿಕೊಟ್ಟ ಹಾಗೆ ಮೊದಲು ವೈಫೈಗೆ ಹಳೆಯ ಹೆಸರನ್ನೇ ವಾಪಸ್ಸು ಇಟ್ಟೆ. ಆಮೇಲೆ ಪಾಸ್‌ವರ್ಡಿಗೆ ಯಜಮಾನರ ಹೆಸರು, ಅದರ ಮುಂದೆ ಅವರು ಹುಟ್ಟಿದ ಇಸವಿ. ಬದಲಾಯಿಸಿದಾಗಲೆಲ್ಲ ಡಬ್ಬಿಗೂ ಹೊಸದನ್ನು ಒತ್ತುತ್ತಿದ್ದೆ. ಮಾರನೆಯ ದಿನ ಅಡುಗೆಗೆ ಒಲೆ ಹಚ್ಚುವಷ್ಟರಲ್ಲಿ ಪುಟ್ಟತಾಯಕ್ಕ ಹೊಸ್ತಿಲಲ್ಲಿ ನಿಂತು "ಬರಲಾ?" ಅಂದರು. "ನಿನ್ ಬೀಗ ತಕ್ಕೊಂತು ಕಣೇ. ಗಂಡನ ಹೆಸರು ಬಿಟ್ಟು ನೀನಿನ್ನೇನಿಡ್ತೀಯ ಅಂತ ಒತ್ತಿದೆ, ಬಂತು. ತಪ್ಪು ತಿಳ್ಕೋಬೇಡ, ಹೇಳೋಣ ಅಂತಲೇ ಬಂದೆ." ಬೀಗ ತೆರೆದುಕೊಂಡಿದ್ದನ್ನು ಕಂಡವರು ಮನೆಯವರಿಗೆ ಹೇಳಿ ಹೋಗುವುದು ನಮ್ಮೂರ ಮರ್ಯಾದೆ. ಎರಡನೆಯ ಸಲ ಮನೆದೇವರ ಹೆಸರಿಟ್ಟು ಬಾಗಿಲ ನಂಬರು ಸೇರಿಸಿದೆ. ದಸ್ತಗೀರ್ ಸಾಬರು ಟೀ ಸೋಸುತ್ತಾ ಸೋಸುತ್ತಾ ಅದನ್ನು ಕಂಡುಹಿಡಿದರು. "ನಿಮ್ಮ ದೇವ್ರು ನಮಗೆ ಗೊತ್ತಿಲ್ವೇನಮ್ಮ? ಪ್ರಸಾದ ತಿಂದಿಲ್ವಾ?" ನಮ್ಮ ಮದುವೆಯ ತಾರೀಖು ಇಟ್ಟರೆ ಊಟ ಬಡಿಸಿದವರೇ ಬೀದಿಯಲ್ಲಿದ್ದಾರೆ. ನಾನು ಸಾಕಿದ್ದ ಬೆಕ್ಕಿನ ಹೆಸರಿಟ್ಟರೆ, ಆ ಬೆಕ್ಕು ಹಾಲು ಕುಡಿಯದ ಮನೆಯೇ ಇಲ್ಲ. ಬೀಗ ತಾನಾಗಿ ತೆರೆದುಕೊಳ್ಳುತ್ತಿತ್ತೋ ಇವರೆಲ್ಲ ತೆಗೆಯುತ್ತಿದ್ದರೋ, ಎರಡೂ ಒಂದೇ ಆಗಿತ್ತು.

ಕೊನೆಗೆ ಲೀನಾ ಸಿಸ್ಟರನ್ನೇ ಕೇಳಿದೆ. ಅವತ್ತು ಸ್ಪೀಕರು ಆರಿಸಿ ಫೋನನ್ನು ಕಿವಿಗೊತ್ತಿಕೊಂಡಿದ್ದೆ, ಕಿವಿ ಬಿಸಿಯಾಗಿತ್ತು. "ಹೆಸರು, ತಾರೀಖು, ದೇವರು ಯಾವುದೂ ಬೇಡ ಅಮ್ಮಾ. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕೈದು ಪದ ತಗೊಳ್ಳಿ, ಉದ್ದಕ್ಕಿರಲಿ, ನಡುವೆ ಅಂಕಿ, ಚಿಹ್ನೆ ಸೇರಿಸಿ. ಯಾರಿಗೂ ಗೊತ್ತಿಲ್ಲದ್ದಾಗಿರಬೇಕು. ಮತ್ತೆ ರೌಟರ್ ಬೆನ್ನ ಮೇಲಿದೆಯಲ್ಲ, ಅದನ್ನೂ ಬದಲಾಯಿಸಿ. ಮುಂಬಾಗಿಲು ಭದ್ರ ಮಾಡಿ ಹಿತ್ತಿಲ ಬಾಗಿಲು ತೆರೆದಿಟ್ಟರೆ ಏನು ಬಂತು?" ಹಿತ್ತಿಲ ಬಾಗಿಲು ತೆರೆದೇ ಇರಬೇಕಲ್ಲ ಅಂತ ಬಾಯಿಗೆ ಬಂತು. ನುಂಗಿಕೊಂಡೆ.

ಯಾರಿಗೂ ಗೊತ್ತಿಲ್ಲದ್ದು. ಆ ಮಾತು ದಿನವಿಡೀ ನನ್ನನ್ನು ಕಾಡಿತು. ಕುಚ್ಚು ಕಟ್ಟುತ್ತಾ ಯೋಚಿಸಿದೆ, ಅನ್ನ ಬಸಿಯುತ್ತಾ ಯೋಚಿಸಿದೆ. ಹುಟ್ಟಿದಂದಿನಿಂದ ಬಾಗಿಲು ತೆರೆದ ಊರಲ್ಲಿ ಬಾಳಿದವಳಿಗೆ ಯಾರಿಗೂ ಗೊತ್ತಿಲ್ಲದ್ದು ಎಲ್ಲಿಂದ ಬರಬೇಕು? ಇನ್ನು ಯಜಮಾನರೋ, ಆಯುಷ್ಯವೆಲ್ಲ ಮೈಕಿನಲ್ಲಿ ಮಾತಾಡಿದವರು. "ರೀ, ನಿಮ್ಮ ಹತ್ರ ಏನಾದ್ರೂ ಗುಟ್ಟಿದೆಯಾ?" ಅಂತ ಕೇಳಿದೆ. ಅವರು ಸುತ್ತ ನೋಡಿದರು. ಜಗಲಿಯಲ್ಲಿ ನಾಲ್ಕಾರು ಜನ, ಹಿತ್ತಿಲಲ್ಲಿ ಪಾತ್ರೆ ಕೇಳಲು ಬಂದವರು ಒಬ್ಬರು. "ಇಲ್ಲಿ ಹೆಂಗೆ ಹೇಳ್ಲಿ?" ಅಂದರು. ಇದೆ ಅಂತಾಯಿತಲ್ಲ.

ಊರಲ್ಲಿ ಯಾರೂ ನುಗ್ಗದ ಜಾಗ ಒಂದೇ. ಹಾಡಹಗಲೇ ಗಂಡ ಹೆಂಡತಿ ಇಬ್ಬರೂ ಬಚ್ಚಲುಮನೆಗೆ ಹೋದೆವು. ಅವರನ್ನು ಮಣೆಯ ಮೇಲೆ ಕೂರಿಸಿದೆ, ನಾನು ಹಂಡೆಗೆ ಒರಗಿ ನಿಂತೆ. ದನಿ ನಿಂತರೆ ಯಾರಾದರೂ ಬಂದಾರು ಅಂತ ಒಂದು ಕೈಯಲ್ಲಿ ಚೊಂಬು ಬಡಿಯುತ್ತಾ ಹಾಡಿದೆ, ಇನ್ನೊಂದು ಕೈಯಲ್ಲಿ ಫೋನು. ಅವರು ನನ್ನನ್ನು ಬಗ್ಗಿಸಿಕೊಂಡು ಕಿವಿಯಲ್ಲಿ ಹೇಳಿದರು. ಕೆಲಸದಲ್ಲಿದ್ದಷ್ಟು ವರ್ಷವೂ ಕೊನೆಯ ಬಸ್ಸು ಹೊರಟ ಮೇಲೆ, ಮೈಕು ಆರಿಸಿ, ಬರಿ ಬಾಯಲ್ಲಿ ಒಂದು ಬಸ್ಸು ಕೂಗುತ್ತಿದ್ದರಂತೆ. ಅದು ಹೋಗುವ ಊರು ಎಲ್ಲೂ ಇಲ್ಲ, ಅವರೇ ಕಟ್ಟಿಕೊಂಡ ಹೆಸರು. ಎಲ್ಲರನ್ನೂ ಎಲ್ಲೆಲ್ಲಿಗೋ ಹತ್ತಿಸಿ ಕಳಿಸಿ, ತಾವೊಬ್ಬರೇ ಉಳಿದಾಗ ಆ ಬಸ್ಸು ಬರುತ್ತಿತ್ತಂತೆ. "ನೀನು ಬುತ್ತಿ ಕಟ್ಟಿ ಕಳಿಸ್ತಿದ್ದೆ, ನಾನು ಆ ಬಸ್ಸು ಕಳಿಸಿ ಮನೆಗೆ ಬರ್ತಿದ್ದೆ" ಅಂದರು. ನಾನು ಹಾಡು ಮರೆತು ಹಂಡೆಯ ಕಟ್ಟೆ ಮೇಲೆ ಕೂತುಬಿಟ್ಟೆ. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡಿದ್ದೇವೆ. ಆ ಬಸ್ಸು ಯಾವತ್ತೂ ನಮ್ಮ ಮನೆ ಮುಂದೆ ನಿಂತಿರಲಿಲ್ಲ.

ಹೊರಗಿಂದ ಯಾರೋ, "ಒಳಗೆ ಯಾರಿದ್ದೀರಿ? ದನಿ ನಿಲ್ತಲ್ಲ" ಅಂದರು. ನಾನು ದಡಬಡಿಸಿ ಚೊಂಬು ಬಡಿದೆ. ಆಮೇಲೆ ನನ್ನ ಸರದಿ. ನಾನೂ ಎರಡು ಪದ ಹೇಳಿದೆ. ಒಂದಕ್ಕೆ ಅವರು ನಕ್ಕರು, ಇನ್ನೊಂದಕ್ಕೆ, "ಅದನ್ನ ಇನ್ನೂ ಮನಸ್ನಲ್ಲಿಟ್ಕೊಂಡಿದ್ದೀಯ?" ಅಂದರು. ಅವರ ಊರಿನ ಹೆಸರು, ನನ್ನ ಎರಡು ಪದ, ಅವರದ್ದೇ ಇನ್ನೊಂದು, ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದೆವು. ಕುಚ್ಚಿಗೆ ಹೊಂದದ ಬಣ್ಣಗಳನ್ನು ಬೇಕಂತಲೇ ಒಟ್ಟಿಗೆ ಹೆಣೆದ ಹಾಗೆ ನಡುನಡುವೆ ಅಂಕಿ, ಚಿಹ್ನೆ ಸಿಕ್ಕಿಸಿದೆ. ಪಾಸ್‌ವರ್ಡ್ ಎಷ್ಟು ಗಟ್ಟಿ ಅಂತ ತೋರಿಸಲು ಫೋನಿನಲ್ಲಿ ಇಷ್ಟು ದಿನ ಕೆಂಪಗೆ ಗಿಡ್ಡಕ್ಕೆ ಬರುತ್ತಿದ್ದ ಗೆರೆ ಹಸಿರಾಗಿ ಆ ತುದಿಯವರೆಗೆ ಹೋಯಿತು. ರೌಟರಿನ ಬೆನ್ನ ಮೇಲಿನದಕ್ಕೆ ಬೇರೆಯೇ ಪದಗಳನ್ನು ಜೋಡಿಸಿದೆವು. ಎರಡನ್ನೂ ಬಾಯಿಪಾಠ ಮಾಡಿಕೊಂಡು ಹೊರಗೆ ಬಂದಾಗ ಇಬ್ಬರ ಮೈಯೂ ಒಣಗಿಯೇ ಇದ್ದದ್ದು ಕಂಡು ಪಾತ್ರೆ ಕೇಳಲು ಬಂದವರು ಬಾಯಿ ತೆರೆದು ನಿಂತಿದ್ದರು.

ಬೆಳಿಗ್ಗೆ ಬೀದಿಯೇ ನಮ್ಮ ಜಗಲಿಯಲ್ಲಿತ್ತು, ಬೀಗ ಬಾಯಿಬಿಟ್ಟಿದೆಯೋ ನೋಡಲಿಕ್ಕೆ. ರೇವಣ್ಣನೂ ಬಂದಿದ್ದ. ಪುಟ್ಟತಾಯಕ್ಕ ಕಾಲು ಚಾಚಿ ಕೂತು ಫೋನು ತೊಡೆಯ ಮೇಲಿಟ್ಟುಕೊಂಡರು. "ನಿನ್ ಮೊದಲ ಸೀರೆ ಬಣ್ಣ ಇಟ್ಟಿದ್ದೀಯ. ಅಲ್ವಾ? ಹಂಗಾದ್ರೆ ತಂಗಿ ಮಗಳ ಹೆಸರು. ಅದೂ ಅಲ್ವಾ? ಬೇಳೆ ಸಾರು?"

"ಬೇಳೆ ಸಾರು ಯಾಕಿಡ್ತಾರಕ್ಕ?"

"ನಿನ್ ಗಂಡನಿಗಿಷ್ಟ."

ದಸ್ತಗೀರ್ ಸಾಬರು ಬಸ್ಸಿನ ಮಾರ್ಗಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದರು. ಯಜಮಾನರು ಕಣ್ಣು ಮುಚ್ಚಿ ಕೂತಿದ್ದರು. ಬಿಸಿಲು ಜಗಲಿಯಿಂದ ಇಳಿಯಿತು. ಬೀಗ ನಿಂತಿತು. ಕೊನೆಗೆ ದಸ್ತಗೀರ್ ಸಾಬರು, "ಕಣ್ಣಿಗೆ ಕಾಣದ ಬೀಗ ನೋಡಮ್ಮ, ತಾನು ಯಾವ ಊರಲ್ಲಿದ್ದೀನಿ ಅಂತ ಅದಕ್ಕೆ ಗೊತ್ತಾಗಿಲ್ಲ" ಅಂದರು. ಒಂದಿಬ್ಬರು ನಕ್ಕರು. ಪುಟ್ಟತಾಯಕ್ಕ ನಗಲಿಲ್ಲ. ಸೆರಗು ಕೊಡವಿಕೊಂಡು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಅವರ ಸೊಸೆ ಬಂದಳು, ಕೈಯಲ್ಲಿ ನಮ್ಮ ಬಿಸ್ಕತ್ತಿನ ಡಬ್ಬಿ. "ಬೀಗ ನಿಲ್ಲೋ ಮನೆಯವರ ಬಂಗಾರ ಬೇರೆಯವರ ಅಟ್ಟದ ಮೇಲೆ ಯಾಕೆ ಅಂದ್ರು ಅತ್ತೆ. ನಮ್ಮದನ್ನ ತರಬೇಕಂತೆ" ಅಂತ ನೆಲ ನೋಡುತ್ತಾ ಹೇಳಿದಳು. ಅಕ್ಕಿಯೊಳಗೆ ಕೈ ಹಾಕಿ ಅವರ ಗಂಟನ್ನು ತೆಗೆದುಕೊಟ್ಟೆ. ನಾನು ಈ ಮನೆಗೆ ಸೊಸೆಯಾಗಿ ಬಂದ ದಿನ ಆ ಡಬ್ಬಿ ಈ ಮನೆಯಿಂದ ಹೋಗಿತ್ತು, ಆ ಗಂಟು ಈ ಮನೆಗೆ ಬಂದಿತ್ತು.

ಅವತ್ತು ಸಂಜೆ ಬಿಳಿ ಡಬ್ಬಿ ಹಸಿರಾಯಿತು. ಮಾರನೆಯ ದಿನವೂ, ಅದರ ಮಾರನೆಯ ದಿನವೂ ಹಸಿರು. ಲೀನಾ ಸಿಸ್ಟರ್ ಫೋನಿನಲ್ಲಿ ಹಿಗ್ಗಿದರು. ಜಗಲಿ ಮಾತ್ರ ಬೋಳಾಯಿತು. ಯಜಮಾನರು ದಿಂಬಿಗೊರಗಿ ಬೀದಿ ನೋಡುತ್ತಾ ಕೂರುತ್ತಿದ್ದರು. ಜನ ಹಾದುಹೋಗುವಾಗ "ಹೆಂಗಿದ್ದೀರಿ ಸ್ವಾಮಿ?" ಅನ್ನುತ್ತಿದ್ದರು, ನಿಲ್ಲುತ್ತಿರಲಿಲ್ಲ. "ತೆಗೆದುಬಿಡೋಣ ಮಂಗಳಾ" ಅಂದರು ಒಂದು ಸಂಜೆ. "ಊರಲ್ಲೇ ಇದ್ದೀನಿ ಸರಿ. ಊರು ನನ್ನ ಹತ್ರ ಇಲ್ಲವಲ್ಲ."

"ತೆಗೆಯಲ್ಲ" ಅಂದೆ. "ಊರನ್ನು ನಾನು ಕರ್ಕೊಂಡು ಬರ್ತೀನಿ. ಬೀಗ ಇದ್ದ ಹಾಗೇ ಇರುತ್ತೆ."

ಹೇಳಿದ್ದು ಹೇಳಿಬಿಟ್ಟೆ, ದಾರಿ ಗೊತ್ತಿರಲಿಲ್ಲ. ಕುಚ್ಚಿನ ಹೊಸ ಹೆಣಿಗೆ ಕಲಿತಿದ್ದೂ ನಾನು ಫೋನಿನಲ್ಲಿ ನೋಡಿಯೇ. ಹಾಗೇ ರೌಟರಿನ ಸಂಗತಿಯನ್ನೂ ಹಿಂದೆ ಮುಂದೆ ತಿರುಗಿಸಿ ನೋಡುತ್ತಾ ಕೂತೆ. ಒಂದೇ ರೌಟರಿನಿಂದ ಎರಡು ವೈಫೈ ಬಿಡಬಹುದಂತೆ, ಒಂದು ಮನೆಯವರಿಗೆ, ಒಂದು ಬಂದವರಿಗೆ. ಬಂದವರದ್ದರಿಂದ ಮನೆಯವರದ್ದಕ್ಕೆ ಕಾಲಿಡಲಾಗುವುದಿಲ್ಲವಂತೆ. ಲೈನನ್ನು ಎಷ್ಟು ಎಳೆಯಬಹುದು ಅಂತ ಅದಕ್ಕೆ ಮಿತಿಯನ್ನೂ ಇಡಬಹುದಂತೆ. ನೋಡಿ ನಗು ಬಂತು. ನಡುಮನೆ ಬೇರೆ, ಜಗಲಿ ಬೇರೆ. ಇದನ್ನು ಕಂಡುಹಿಡಿದವರ ಅಜ್ಜಿಯ ಮನೆಗೂ ಜಗಲಿ ಇದ್ದಿರಬೇಕು. ಎರಡನೆಯದನ್ನು ಎಬ್ಬಿಸಿ 'ಜಗಲಿ' ಅಂತಲೇ ಹೆಸರಿಟ್ಟೆ. ಪಾಸ್‌ವರ್ಡ್ ಬನ್ನಿಬನ್ನಿ. ಒಳಗಿನದಕ್ಕೆ ಕೈ ಹಚ್ಚಲಿಲ್ಲ.

ಬಿಸ್ಕತ್ತಿನ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಪುಟ್ಟತಾಯಕ್ಕನ ಮನೆಗೆ ಹೋದೆ. "ಬರಲಾ?" ಅಂದೆ. ಒಳಗೆ ಬಚ್ಚಲಿಂದ ಹಾಡು ಬರುತ್ತಿತ್ತು. ನನ್ನ ಮೇಲೇ ಕಟ್ಟಿದ ಹಾಡು. ಎದುರುಮನೆಯವಳು ಬಾಗಿಲಿಗೆ ಮೊಳೆ ಹೊಡೆದಳಲ್ಲಾ, ಅನ್ನ ಹಂಚಿಕೊಂಡವಳು ಅಕ್ಷರ ಮುಚ್ಚಿಟ್ಟಳಲ್ಲಾ ಅಂತ. ಸೊಸೆ ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡು "ಬನ್ನಿ" ಅಂದಳು. ನಾನು ಹೋಗಿ ಬಚ್ಚಲ ಬಾಗಿಲ ಪಕ್ಕ ಕೂತೆ. "ಅಕ್ಕ, ನಾನು" ಅಂದೆ. ಹಾಡು ನಿಂತಿತು, ಮತ್ತೆ ತಕ್ಷಣ ಚೊಂಬಿನ ಸದ್ದು ಶುರುವಾಯಿತು.

"ಸ್ನಾನ ಆಗಿಲ್ಲ."

"ಆಗ್ಲಿ, ಅಲ್ಲಿಂದ್ಲೇ ಕೇಳು. ನಾನು ಮನೆಗೆ ಬೀಗ ಹಾಕಿಲ್ಲ ಅಕ್ಕ. ಅವರ ಎದೆ ಲೆಕ್ಕ ಹೋಗೋ ದಾರಿಗೆ ಹಾಕಿದ್ದೀನಿ. ಅದರ ಮೇಲೆ ನೀನು ಕಾಲಿಟ್ರೂ ಅಷ್ಟೇ, ಅಳಿಯಂದಿರು ಕಾಲಿಟ್ರೂ ಅಷ್ಟೇ, ನಾನು ಕಾಲಿಟ್ರೂ ಅಷ್ಟೇ. ಆ ದಾರಿ ಇನ್ನೊಂದ್ಸಲ ಕಟ್ಟಿದ್ರೆ ನಾವು ಊರು ಬಿಡ್ಬೇಕು."

ಚೊಂಬಿನ ಸದ್ದು ನಿಧಾನವಾಯಿತು. "ಊರು ಬಿಡೋದಾ? ಯಾರಂದ್ರು?"

"ಡಾಕ್ಟ್ರು."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವೆಲ್ಲ ಜಗಲಿಗೆ ಬರೋದು ಬಿಡ್ತಿದ್ರಿ. ಅವರಿಗೆ ಅದೂ ಬೇಕು."

ಎರಡು ಚೊಂಬು ನೀರು ಬಿತ್ತು. ಆಮೇಲೆ, "ನೀರೊಳಗೆ ಮುಳುಗಿಸಿದ್ರೂ ಹೇಳಲ್ಲ ನಾನು. ಆ ಪದ ನನಗಾದ್ರೂ ಹೇಳ್ಬಹುದಿತ್ತು" ಅಂದರು. ಆ ದನಿಯಲ್ಲಿ ಮುನಿಸಿರಲಿಲ್ಲ, ನೋವಿತ್ತು.

"ನೀನು ಯಾರಿಗೂ ಹೇಳಲ್ಲ, ಗೊತ್ತಕ್ಕ. ಆದ್ರೆ ನೀನು ಬಚ್ಚಲಲ್ಲಿ ಹಾಡ್ತೀಯ."

ಚೊಂಬಿನ ಸದ್ದು ನಿಂತಿತು. ಆಮೇಲೆ ನಗು ಬಂತು, ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ಅಡುಗೆಮನೆಯಲ್ಲಿ ಸೊಸೆಯೂ ನಕ್ಕಳು. "ಆ ಡಬ್ಬೀನ ಅಟ್ಟದ ಮೇಲಿಡು, ಬೆಲ್ಲದ ಗಡಿಗೆ ಹಿಂದೆ" ಅಂದರು ಪುಟ್ಟತಾಯಕ್ಕ. "ನಮ್ಮ ಗಂಟು ಸೊಸೆ ಕೈಲಿ ಕಳಿಸ್ತೀನಿ. ಅಕ್ಕಿ ಹುಳ ಆಗದಂಗೆ ನೋಡ್ಕೋ."

ಅಂದು ಸಂಜೆ ಜಗಲಿಯಲ್ಲಿ ಹೊಸ ವೈಫೈಗೆ ಎಲ್ಲರ ಫೋನೂ ಸೇರಿತು. ಮೊದಲಿನಷ್ಟು ಜೋರಿಲ್ಲ ಅಂತ ಗೊಣಗಿದರು, ಎದ್ದು ಮಾತ್ರ ಹೋಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ದಸ್ತಗೀರ್ ಸಾಬರೇ ಒಳಗಿಣುಕಿ ನೋಡಿ, "ಹಸಿರು" ಅಂತ ಕೂಗಿ ಹೇಳಿದರು. ಈಗ ದಿನಾ ಅವರೇ ಹೇಳುವುದು.

ಬೇಸಿಗೆ ಹೋಗಿ ಮಳೆ ಶುರುವಾಯಿತು. ಡಾಕ್ಟರು ಮಾತ್ರೆ ಇಳಿಸಿದರು, ಸದ್ಯಕ್ಕೆ ಊರು ಬಿಡುವ ಮಾತೇ ಇಲ್ಲ ಅಂದರು. ಒಂದು ಬೆಳಿಗ್ಗೆ ನಾನು ಜಗಲಿಯಲ್ಲಿ ಮದುವಣಗಿತ್ತಿಯ ಸೀರೆಯೊಂದಕ್ಕೆ ಕುಚ್ಚು ಹಾಕುತ್ತಿದ್ದೆ. ಯಜಮಾನರು ಬಚ್ಚಲಿಗೆ ಹೋದರು. ಚೊಂಬಿನ ಸದ್ದು ಕಾಯುತ್ತಿದ್ದೆ, ಬರಲಿಲ್ಲ. ಎದ್ದು ನಿಂತೆ. ಅಷ್ಟರಲ್ಲಿ ಒಳಗಿಂದ, ಮೊದಲು ಕೆಮ್ಮಿ, ಆಮೇಲೆ ಹಳೆಯ ಗಂಟಲಿನಲ್ಲಿ, "ಪ್ರಯಾಣಿಕರ ಗಮನಕ್ಕೆ" ಅಂತ ಬಂತು. ಬೀದಿಯೇ ನಿಂತಿತು. ಶಾಲೆಗೆ ಹೊರಟ ಮಕ್ಕಳು ನಿಂತರು, ದಸ್ತಗೀರ್ ಸಾಬರು ಸೌಟು ಹಿಡಿದೇ ಹೊರಗೆ ಬಂದರು. ಹೊಸಕಟ್ಟೆ ಬಸ್ಸು ಹೋಯಿತು, ಮಾವಿನಗುಂಡಿ ಬಸ್ಸು ಹೋಯಿತು, ಎಷ್ಟೋ ದಿನದಿಂದ ನಿಂತಿದ್ದ ಬಸ್ಸುಗಳೆಲ್ಲ ಒಂದರ ಹಿಂದೆ ಒಂದು ಹೊರಟವು. ನನಗೆ ಅಳು, ನಗು ಎರಡೂ. ಬಸ್ಸುಗಳೆಲ್ಲ ಮುಗಿದ ಮೇಲೆ, ಖುಷಿಯಲ್ಲಿ ಮೈಮರೆತು ಅವರು ಇನ್ನೂ ಒಂದನ್ನು ಕೂಗಿದರು. "ನಗೆಮರಡಿಗೆ ಹೋಗುವ ಕೊನೆಯ ಬಸ್ಸು ಹೊರಡಲು ಸಿದ್ಧವಾಗಿದೆ."

ನನ್ನ ಕೈಯ ಸೂಜಿ ಬಿತ್ತು. ಅದೇ ಪದ, ಬೀದಿ ತುಂಬ.

ಮಕ್ಕಳು ಶಾಲೆಗೆ ಹೋದರು. ದಸ್ತಗೀರ್ ಸಾಬರು, "ಅದ್ಯಾವ ಊರು?" ಅಂತ ತಲೆ ಕೆರೆದುಕೊಂಡು ಒಳಗೆ ಹೋದರು. ಪುಟ್ಟತಾಯಕ್ಕ ಮಾತ್ರ ಒದ್ದೆ ಕೈ ಸೆರಗಿಗೆ ಒರಸಿಕೊಳ್ಳುತ್ತಾ ಬೀದಿ ದಾಟಿ ಬಂದು ಹೊಸ್ತಿಲಲ್ಲಿ ನಿಂತರು. "ಬರಲಾ?"

"ಬಾ ಅಕ್ಕ."

ಹತ್ತಿರ ಬಂದು ಕೂತು, ನನ್ನ ಕಿವಿಯ ಹತ್ತಿರ ಬಾಯಿ ತಂದರು. ಅವರು ಪಿಸುಗುಟ್ಟಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು. "ಅಂಥ ಊರಿಗೆ ನಮ್ಮಲ್ಲಿಂದ ಬಸ್ಸಿಲ್ಲ ಕಣೇ. ನಿನ್ ಬೀಗದ ಒಂದು ತುಂಡು ಹೊರಗೆ ಬಿದ್ದಿದೆ. ನಾನು ಒತ್ತಿ ನೋಡ್ಲಿಲ್ಲ. ಸಂಜೆಯೊಳಗೆ ಬದಲಾಯಿಸ್ಕೋ, ಇಲ್ಲಾಂದ್ರೆ ನಾಳೆ ಬೆಳಿಗ್ಗೆ ನಾನದನ್ನ ಹಾಡಿಬಿಡ್ತೀನಿ."

ಮಧ್ಯಾಹ್ನ ಇಬ್ಬರೂ ಮತ್ತೆ ಬಚ್ಚಲುಮನೆಗೆ ಹೋದೆವು. ಈ ಸಲ ಅವರು ಬಸ್ಸು ಕೂಗುತ್ತಾ ನಿಂತರು, ನಾನು ಒತ್ತಿದೆ. ನಗೆಮರಡಿಯನ್ನು ತೆಗೆದಾಯಿತು, ಅದಕ್ಕೇ ನಿಮಗೆ ಅದರ ಹೆಸರು ಹೇಳಿದ್ದು. ಅದರ ಜಾಗಕ್ಕೆ ಬಂದದ್ದು ನನ್ನದೊಂದು ಗುಟ್ಟು, ಅವರಿಗೂ ಅವತ್ತೇ ಗೊತ್ತಾದದ್ದು. ಕೇಳಿ ಅವರು ಮುಂದಿನ ಬಸ್ಸಿನ ಹೆಸರು ಮರೆತು ಸುಮ್ಮನೆ ನಿಂತುಬಿಟ್ಟರು. ನಾನೇ ಚೊಂಬು ತೆಗೆದುಕೊಂಡು ಬಡಿಯಬೇಕಾಯಿತು.